ಜವೆಗೋಧಿಯವರಿಗೆ ಬೀದರದ ಚಿದ್ರಿಯಿಂದ ಒಂದು ಅಭಿನಂದನಾ ಪತ್ರ

ಸನ್ಮಾನ್ಯ ಜವೆಗೋಧಿಯವರೆ,

ಬೀದರ, ಭಾಲ್ಕಿ, ಔರಾದ ಎಲ್ಲಿ ತಿರುಗಿದರೂ ತಮ್ಮನ್ನು ಹೊಲದಲ್ಲಿ ಕಂಡವರು ಸಿಗುವುದು ಕಷ್ಟ. ಆದರೂ ಸಂಜೆಯಾದರೆ ಇಲ್ಲಿನ ಬಾರುಗಳಲ್ಲಿ ತಮ್ಮದೇ ದರ್ಬಾರು. ರಾಜಸ್ಥಾನ, ಉತ್ತರ ಪ್ರದೇಶಗಳ ಚಳಿಯಲ್ಲಿ ಬೆಳೆದು, ಮೊಳೆತು, ಒಣಗಿ, ಕುದ್ದು, ಹುದುಗಿ, ತಣ್ಣಗಾಗಿ ಬಾಟ್ಲಿಯಲ್ಲಿ ಬಂದಿಳಿಯುವ ತಮಗೆ ಸಿಗುವ ಮರ್ಯಾದೆ ಊರ ಬಿಳಿಜೋಳಕ್ಕೆ ಸಿಕ್ಕಿದ್ದಿಲ್ಲ. ಅದಕ್ಕೇ ಈ ಅಭಿನಂದನೆ.

ತಮ್ಮ ಹಳೆಯ ಕತೆ ಗೊತ್ತಿದೆ ಬಿಡಿ. ತಾವೂ ಒಂದು ಕಾಲಕ್ಕೆ ರೊಟ್ಟಿಯಾಗಿದ್ದವರೇ. ರೋಮಿನ ಸೈನ್ಯದಲ್ಲಿ ಯುದ್ಧಕ್ಕೆ ಹೆದರಿ ಓಡಿದವರಿಗೆ ಗೋಧಿ ನಿಲ್ಲಿಸಿ ತಮ್ಮನ್ನು ತಿನ್ನಿಸುತ್ತಿದ್ದರು, ಶಿಕ್ಷೆ ಅಂತ. ಗೋಧಿ ಹಿಟ್ಟು ಹಿಗ್ಗುತ್ತದೆ, ಉಬ್ಬುತ್ತದೆ. ತಮಗೆ ಅಷ್ಟು ಜಿಗುಟಿಲ್ಲ. ಮೇಲಾಗಿ ಕಾಳಿಗಂಟಿದ ಹೊಟ್ಟು ಸುಲಭಕ್ಕೆ ಬಿಡುವುದಿಲ್ಲ. ಒಲೆಯ ಮುಂದೆ ಇದು ದೋಷ. ಬಿಯರಿನ ಹಂಡೆಯಲ್ಲಿ ಅದೇ ಹೊಟ್ಟು ಸೋಸುವ ಜರಡಿ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವವೂ ತಮ್ಮ ಮೊಳಕೆಯಲ್ಲಿ ಧಾರಾಳ. ಒಲೆ ಬಿಟ್ಟು ಹಂಡೆ ಸೇರಿದಿರಿ, ಉದ್ಧಾರವಾದಿರಿ.

ನಮ್ಮ ಜೋಳದ ಜಾತಕವೇ ಬೇರೆ. ಅದಕ್ಕೆ ಗೋಧಿಯ ಜಿಗುಟು ಒಂಚೂರೂ ಇಲ್ಲ. ಕುದಿಯುವ ಎಸರು ಹಾಕಿದರೆ ಪಿಷ್ಟ ಅರೆಬೆಂದು ಹಿಟ್ಟು ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಉದುರುತ್ತದೆ. ಆಮೇಲೆ ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಚಿದ್ರಿಯಲ್ಲಿ ವಾಯುಪಡೆಯ ವಿಮಾನಗಳು ಏಳುವ ಮೊದಲೇ ಕೇಳುವ ಪಟಪಟ ಸದ್ದು ಅದೇ. ಗೋಧಿಗೆ ತಂದೂರು ಬಂತು, ಬೇಕರಿ ಬಂತು, ಪಾವ್ ಬಂತು. ಜೋಳಕ್ಕೆ ಸಿಕ್ಕಿದ್ದು ಹೆಂಗಸರ ಅಂಗೈ. ಅದಕ್ಕೆ ಕೂಲಿ ಎಷ್ಟೆಂದು ಯಾವ ಗಂಡಸೂ ಲೆಕ್ಕ ಹಾಕಿದಂತಿಲ್ಲ.

ಜೋಳಕ್ಕೆ ಕುಡಿಯುವ ರೂಪವೇ ಇಲ್ಲವೆನ್ನಬೇಡಿ. ಎಳ್ಳು ಅಮಾವಾಸ್ಯೆಗೆ, ಅಂದರೆ ನಮ್ಮ ಎಳ್ಳಮಾಸಿಗೆ, ಹೊಲಕ್ಕೆ ಬನ್ನಿ. ಮಜ್ಜಿಗೆ ಬೆರೆತ ಹುಳಿ ಅಂಬಲಿ ಗಡಿಗೆಯಲ್ಲಿ ಕಾಯುತ್ತಿರುತ್ತದೆ, ಜೊತೆಗೆ ಭಜ್ಜಿ, ಸಜ್ಜೆ ರೊಟ್ಟಿ. ಅಮಲಿಲ್ಲ, ನಿದ್ದೆ ಮಾತ್ರ ಗ್ಯಾರಂಟಿ. ಅಮಲೇ ಬೇಕೆಂದರೆ ಆಫ್ರಿಕದ ಕಡೆ ನೋಡಿ: ಬುರ್ಕಿನಾ ಫಾಸೋದ ಡೋಲೊ, ಘಾನಾದ ಪಿಟೊ ಜೋಳದವೇ. 1988ರಲ್ಲಿ ನೈಜೀರಿಯ ತಮ್ಮ ಆಮದಿಗೇ ಬಾಗಿಲು ಹಾಕಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೂ ಜೋಳ, ಮೆಕ್ಕೆಜೋಳದ ಮನೆ ಬಾಗಿಲಿಗೆ ಬಂದವು. ಜೋಳ ಸುಲಭಕ್ಕೆ ಬಗ್ಗುವ ಪೈಕಿಯಲ್ಲ ಅನ್ನಿ. ಅದರ ಪಿಷ್ಟ ಬೇಯಲು ತಮಗಿಂತ ಹೆಚ್ಚು ಕಾವು ಬೇಕು, ಸೋಸಲು ಹೊಟ್ಟಿಲ್ಲ, ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಗುಣ ಬೇರೆ. ಮಳೆ ಕೈಕೊಟ್ಟಾಗ ಎಳೆ ಜೋಳ ಮೇಯ್ದ ದನ ಬಿದ್ದು ಸಾಯುವುದು ಔರಾದದ ರೈತರಿಗೆ ಹೇಳಿಕೊಡಬೇಕಿಲ್ಲ. ಡೋಲೊ ಮಾಡುವ ಹೆಂಗಸರು ಮೊಳಕೆಯನ್ನು ಒಣಗಿಸಿ, ಗಂಟೆಗಟ್ಟಲೆ ಕುದಿಸಿ ಅದನ್ನು ದಾರಿಗೆ ತಂದರು. ಅಲ್ಲೂ ಹೆಂಗಸರೇ, ಗಮನಿಸಿ.



ಜೋಳದ ಹೊಲ ತಾವು ಕಿತ್ತುಕೊಂಡಿರೆಂದು ಯಾರಾದರೂ ದೂರು ಕೊಟ್ಟರೆ ತಮ್ಮ ಪರ ವಕೀಲಿಕೆ ನಾನೇ ಮಾಡುತ್ತೇನೆ. ಕಿತ್ತುಕೊಂಡದ್ದು ಸೋಯಾ. ಸಾಕ್ಷಿಗೆ 2023-24ರ ಬೆಂಬಲ ಬೆಲೆ ಸಾಕು. ಕ್ವಿಂಟಲಿಗೆ ತಮಗೆ 1,735 ರೂಪಾಯಿ, ಮಾಲದಂಡಿ ಜೋಳಕ್ಕೆ 3,225, ಸೋಯಾಕ್ಕೆ 4,600. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ್ದೂ 2023ನ್ನೇ. ಜೋಳಕ್ಕೆ ಸಿರಿಯ ಬಿರುದು ಬಂತು, ಸಿರಿ ಸೋಯಾದ ಚೀಲದಲ್ಲಿ ಕೂತಿತು. ಮೂರು ಮೂರೂವರೆ ತಿಂಗಳಲ್ಲಿ ಕೈಗೆ ಬರುವ ಆ ಬೀಜ ಎಣ್ಣೆ ಗಿರಣಿಗೆ ಹೋಗುತ್ತದೆ. ಮನೆಯಲ್ಲಿ ಅದರ ರೊಟ್ಟಿಯಿಲ್ಲ, ದನಕ್ಕೆ ಕಣಿಕೆಯಿಲ್ಲ. ಎಳ್ಳಮಾಸಿಗೆ ಕೊಂಪೆ ಕಟ್ಟಲು ಕಣಿಕೆಯನ್ನು ಬೇರೆ ಹೊಲದವರಲ್ಲಿ ಕೇಳಬೇಕು. ಹಾಗೆಂದು ರೈತರನ್ನು ಬಯ್ಯಲಾರೆ. ಲೆಕ್ಕ ಅವರಿಗೂ ಬರುತ್ತದೆ.

ಕೊನೆಗೊಂದು ವಿನಂತಿ. ಬೆಂಗಳೂರಿನ ಯಾವುದಾದರೂ ಪಬ್ಬಿನವರು ಜೋಳದ ಬಿಯರ್ ಮಾಡುತ್ತೇವೆಂದು ಹೊರಟರೆ ದಯಮಾಡಿ ಹಂಡೆಯಲ್ಲಿ ತಮ್ಮ ಜಾಗ ಬಿಟ್ಟುಕೊಡಬೇಡಿ. ಜೋಳ ಇನ್ನೂ ತುಟ್ಟಿಯಾದೀತು, ಖಾನಾವಳಿಯಲ್ಲಿ ಈಗಲೇ ಇನ್ನೊಂದು ರೊಟ್ಟಿ ಕೇಳುವ ಮೊದಲು ಜೇಬು ಮುಟ್ಟಿಕೊಳ್ಳುತ್ತೇವೆ. ಸೋಯಾದಿಂದ ಬಿಯರ್ ಆಗುತ್ತದೆಯೇ ಎಂಬುದನ್ನು ಮಾತ್ರ ವಿಚಾರಿಸಿ ತಿಳಿಸಿ. ಆಗುವುದಾದರೆ ಔರಾದದಲ್ಲಿ ಬೇಕಾದಷ್ಟಿದೆ.

ಇಂತಿ ತಮ್ಮ ವಿಶ್ವಾಸಿ,
ಚಿದ್ರಿಯ ಒಬ್ಬ ರೊಟ್ಟಿ ತಿನ್ನುವವ