‘ಬಟನ್ ಹುದ್ದೆ ಸದ್ಯ ನನ್ನ ಪ್ರಭಾರದಲ್ಲಿದೆ’

ವೆಬ್‌ಪುಟಗಳಲ್ಲಿ ಎಲ್ಲಿ ನೋಡಿದರೂ ಇವರೇ: ಶ್ರೀಯುತ ಡಿವ್. ಸ್ವಂತ ಅರ್ಥವೊಂದಿಲ್ಲದ ಬರೀ ಡಬ್ಬಿ. ನಾವು ಕಾಣಲು ಹೋದಾಗ ನೀಲಿ ಬಣ್ಣ, ದುಂಡು ಮೂಲೆ, ಚೂರು ನೆರಳು ಧರಿಸಿ ‘ಅರ್ಜಿ ಸಲ್ಲಿಸಿ’ ಎಂಬ ಬಟನ್ ಆಗಿ ಕೂತಿದ್ದರು.

● ಖಾಯಂ ಬಟನ್ ಇರುವಾಗ ನೀವೇಕೆ ಸ್ವಾಮಿ?

ಸೇವಾ ಹಿರಿತನ ನೋಡಿ. ನಾನು 1997ರ ಜನವರಿಯಲ್ಲಿ ಎಚ್‌ಟಿಎಂಎಲ್ 3.2ರೊಂದಿಗೆ ಬಂದವನು. ಆತ ಬಂದಿದ್ದು ಅದೇ ಡಿಸೆಂಬರಿನಲ್ಲಿ, 4.0ರ ಜೊತೆ. ಸಾಲದ್ದಕ್ಕೆ ಬ್ರೌಸರ್ ಕೊಟ್ಟ ಬೂದು ಅಂಗಿ ತೊಟ್ಟೇ ಬರುತ್ತಾನೆ. ಅದನ್ನು ಬಿಚ್ಚಿಸುವ ತಾಳ್ಮೆ ಯಾವ ಡೆವಲಪರಿಗಿದೆ? ನಾನು ಹಾಕಿದ್ದನ್ನು ಹಾಕಿಸಿಕೊಳ್ಳುತ್ತೇನೆ.

● ಟ್ಯಾಬ್ ಕೀ ಒತ್ತುತ್ತ ಬಂದೆ. ನಿಮ್ಮ ಬಳಿ ನಿಲ್ಲಲೇ ಇಲ್ಲ.

ಟ್ಯಾಬ್‌ಇಂಡೆಕ್ಸ್ ಸೊನ್ನೆ ಅಂತ ಆದೇಶ ಹೊರಡಿಸಿದರೆ ನಿಲ್ಲುತ್ತೆ.

● ನಿಂತ ಮೇಲೆ ಎಂಟರ್, ಸ್ಪೇಸ್ ಒತ್ತಿದರೆ?

ಅವೆರಡಕ್ಕೂ ಜಾವಾಸ್ಕ್ರಿಪ್ಟಿನಿಂದ ಪ್ರತ್ಯೇಕ ಮಂಜೂರಾತಿ ಬೇಕು. ಖಾಯಂ ಬಟನ್‌ಗೆ ಇವೆಲ್ಲ ಹುಟ್ಟಿನಿಂದಲೇ ಇವೆಯಂತೆ. ಪುಣ್ಯವಂತ.

● ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಿಡಿದು ಬಂದರೆ?

‘ಅರ್ಜಿ ಸಲ್ಲಿಸಿ’ ಅಂತ ಓದುತ್ತೆ, ಬಟನ್ ಅಂತ ಹೇಳಲ್ಲ. ದೂರು ಬಂದ ಮೇಲೆ ‘ರೋಲ್: ಬಟನ್’ ಎಂಬ ನಾಮಫಲಕ ಹಾಕಿಸಿದ್ದಾರೆ.

● ಫಲಕ ಬಂದ ಮೇಲೆ ಕೀಲಿಗಳು ಕೆಲಸ ಮಾಡಿದವೇ?

ಫಲಕ ಬೇರೆ, ಕೆಲಸ ಬೇರೆ. ನಿಮಗೆ ಕಚೇರಿಗಳ ಅನುಭವ ಕಮ್ಮಿ ಅಂತ ಕಾಣುತ್ತೆ.

● ನಿಮ್ಮ ಬಗ್ಗೆ ಪರಿಶೀಲನಾ ಸಭೆ ನಡೆದಿದ್ದು ಮಾತ್ರ ಐಕಾನ್ ವಿಷಯಕ್ಕಂತೆ?

ಅಯ್ಯೋ, ಅದು ದೊಡ್ಡ ಗಲಾಟೆ! ಬಾಣದ ಗುರುತು ಒಂದೆಳೆ ಮೇಲೆ ಕಂಡಿತು. ಐಕಾನನ್ನು ಅದರ ಪಾಡಿಗೆ ಬಿಟ್ಟರೆ ಅಕ್ಷರ ಕೂರುವ ಗೆರೆಯ ಮೇಲೇ ಕೂರುತ್ತೆ. ವರ್ಟಿಕಲ್ ಅಲೈನ್‌ಗೆ ಮಿಡಲ್ ಕೊಟ್ಟು ನೋಡಿದರು. ಆ ‘ಮಿಡಲ್’ ಲೆಕ್ಕ ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರದ ಅರ್ಧ ಎತ್ತರದ್ದು. ನಮ್ಮ ‘ಸಲ್ಲಿಸಿ’ಗೆ ಮೇಲೊಂದು ಗುಡಿಸು, ಕೆಳಗೊಂದು ಒತ್ತು. ಒತ್ತು ಗೆರೆ ದಾಟಿ ಕೆಳಗಿಳಿಯಿತು, ಬಾಣ ಮತ್ತೆ ತೇಲಿತು. ಎರಡು ಪಿಕ್ಸೆಲ್ ಕೆಳಕ್ಕೆ ತಳ್ಳಿದರು. ಫಾಂಟ್ ಬದಲಾಯಿಸಿದ ದಿನ ಅದೂ ಕೆಟ್ಟಿತು.

● ಕೊನೆಗೆ ಸರಿಹೋಗಿದ್ದು?

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇನ್‌ಲೈನ್ ಫ್ಲೆಕ್ಸ್ ಹಾಕಿ, ಅಲೈನ್ ಐಟಮ್ಸ್ ಸೆಂಟರ್ ಅಂದಳು. ಐಕಾನ್ ಅಳತೆ 1 ಇಎಂ, ನಡುವಿನ ಗ್ಯಾಪ್ 0.5 ಇಎಂ, ಅಕ್ಷರ ಬೆಳೆದರೆ ಅವೂ ಬೆಳೆಯುತ್ತವೆ. ಸ್ಕ್ರೀನ್ ರೀಡರ್ ಆ ಬಾಣವನ್ನು ಓದದಿರಲೆಂದು ಏರಿಯಾ ಹಿಡನ್ ಕೂಡ ಕೊಟ್ಟಳು. ಹೋಗುತ್ತ, ‘ಇಲ್ಲಿ ಬಟನ್ನನ್ನೇ ಹಾಕಬಹುದಿತ್ತಲ್ಲ ಸರ್’ ಅಂದಳು.

● ಸಭೆ ಏನೆಂದಿತು?

‘ಈಗ ಚೆನ್ನಾಗೇ ಕಾಣುತ್ತಲ್ಲಮ್ಮ, ಬಿಡು’ ಅಂದರು. ಮುಂದಿನ ವಾರದಿಂದ ಚೆಕ್‌ಬಾಕ್ಸಿನ ಹೆಚ್ಚುವರಿ ಪ್ರಭಾರವೂ ನನಗೇ.