ನಿತ್ಯಚಿತ್ರವ್ರತಿ

ಅನಂತವ್ರತ, ಸತ್ಯನಾರಾಯಣವ್ರತ, ಶನಿವಾರದ ಒಪ್ಪೊತ್ತು ಮೊದಲಾದ ನಮ್ಮ ಹಿರಿಯರ ವ್ರತಗಳಿಗೆಲ್ಲ ಒಂದು ಸದ್ಗುಣವಿತ್ತು. ಅವುಗಳ ಕಷ್ಟವನ್ನು ವ್ರತ ಹಿಡಿದವನೇ ಅನುಭವಿಸುತ್ತಿದ್ದನು, ನೆಂಟರಿಷ್ಟರ ಪಾಲಿಗೆ ಬರುತ್ತಿದ್ದುದು ಪ್ರಸಾದ ಮಾತ್ರ. ಈಚೆಗೆ ನಮ್ಮ ಸೀಮೆಯಲ್ಲಿ ಹುಟ್ಟಿಕೊಂಡಿರುವ ಒಂದು ವ್ರತದಲ್ಲಿ ಈ ಕ್ರಮ ತಲೆಕೆಳಗಾಗಿದೆ. ದಿನಕ್ಕೊಂದು ಛಾಯಾಚಿತ್ರವನ್ನು, ಅದೂ ಮಿತ್ರಮಂಡಲಿಯ ಕಲಾಜೀವನದಿಂದಲೇ ಆಯ್ದ ಛಾಯಾಚಿತ್ರವನ್ನು, ವರ್ಷದ ಒಂದು ದಿನವೂ ತಪ್ಪದಂತೆ ತೆಗೆಯುತ್ತೇನೆಂದು ಒಬ್ಬ ಮಹಾಶಯನು ಸಂಕಲ್ಪ ಮಾಡುತ್ತಾನೆ. ಉಪವಾಸ, ಜಾಗರಣೆ, ಬಿಸಿಲಿನಲ್ಲಿ ಒಂಟಿಕಾಲಿನ ತಪಸ್ಸು ಇತ್ಯಾದಿ ನಿಯಮಗಳನ್ನೆಲ್ಲ ಅವನ ಮಿತ್ರರು ಪಾಲಿಸುತ್ತಾರೆ. ನಾನು ಬಲ್ಲ ವ್ರತಿಯು ರಾಮನಗರದವನು; ಆದರೆ ಒಂದೇ ಊರಿನ ಮಿತ್ರರು ಅವನ ವ್ರತಕ್ಕೆ ಸಾಲದೆ ಹೋದುದರಿಂದ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೂ ತನ್ನ ಕ್ಷೇತ್ರದೊಳಕ್ಕೆ ಸೇರಿಸಿಕೊಂಡಿದ್ದಾನೆ. ಸರ್ಕಾರವು ಈ ನಾಲ್ಕು ತಾಲ್ಲೂಕುಗಳನ್ನು ಒಗ್ಗೂಡಿಸಿ ಒಂದು ಜಿಲ್ಲೆಯನ್ನಾಗಿ ಮಾಡಿದುದು 2007ರಲ್ಲಿ. ಆ ಏರ್ಪಾಡು ತನ್ನ ಅನುಕೂಲಕ್ಕಾಗಿಯೇ ನಡೆಯಿತೆಂಬುದು ಅವನ ಅಂತರಂಗದ ನಂಬಿಕೆ.

ವೃತ್ತಿಯಿಂದ ಆತನು ಒಂದು ಸಹಕಾರ ಸಂಘದ ಗುಮಾಸ್ತೆ. ಐವತ್ತರ ಆಸುಪಾಸಿನ ವಯಸ್ಸು, ಹೆಗಲಿಗೆ ಚೀಲ, ಬೆಳಕನ್ನು ಅಳೆದಳೆದು ಎಡಗಣ್ಣು ಸದಾ ಅರೆಮುಚ್ಚಿಯೇ ಇರುವುದರಿಂದ, ಅಪರಿಚಿತರು ಅದಕ್ಕೆ ಬೇರೆ ಅರ್ಥ ಕಲ್ಪಿಸಿ ಬಸ್ಸಿನಲ್ಲಿ ಜಗಳಕ್ಕೆ ಬಂದುದೂ ಉಂಟು. ಯಾರೇ ಎದುರಾಗಲಿ, ಕ್ಷೇಮಸಮಾಚಾರಕ್ಕೂ ಮೊದಲು ಅವನು ಗಮನಿಸುವುದು ಬಿಸಿಲು ಅವರ ಯಾವ ಕೆನ್ನೆಯ ಮೇಲೆ ಬಿದ್ದಿದೆಯೆಂಬುದನ್ನು. ಜ್ವರದಲ್ಲಿ ಮಲಗಿದ್ದ ನನ್ನನ್ನು ನೋಡಲು ಬಂದವನು, ಕಿತ್ತಲೆಹಣ್ಣನ್ನು ತಲೆದಿಂಬಿನ ಬಳಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಅದನ್ನು ಮತ್ತೆ ನಾಲ್ಕಂಗುಲ ಈಚೆಗೆ ಸರಿಸಿ, "ಅಣ್ಣ, ಒಸಿ ಅಂಗೇ ನರಳು" ಎಂದನು.

ಅವನಿಗೊಬ್ಬ ಮಾನಸಗುರುವಿದ್ದಾನೆ. ಅಮೆರಿಕದ ಜೇಮೀ ಲಿವಿಂಗ್‌ಸ್ಟನ್ ಎಂಬಾತನು, ಬಾರ್ಡ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1979ರ ಮಾರ್ಚ್ 31ರಂದು, ತೆಗೆದೊಡನೆಯೇ ಚಿತ್ರವನ್ನು ಹೊರಕ್ಕೆ ನೀಡುವ ಪೋಲರಾಯ್ಡ್ ಕ್ಯಾಮರಾ ಹಿಡಿದು ಈ ದಿನಚರಿಯನ್ನು ಆರಂಭಿಸಿ, 1997ರ ಅಕ್ಟೋಬರ್ 25ರಂದು, ತನ್ನ ನಲವತ್ತೊಂದನೆಯ ಹುಟ್ಟುಹಬ್ಬದ ದಿನವೇ, ವ್ಯಾಧಿಯಿಂದ ಕಣ್ಮುಚ್ಚುವವರೆಗೂ ನಡೆಸಿಕೊಂಡು ಬಂದನು. ಗೆಳೆಯರ ಊಟ, ಆಟ, ಸಂಗೀತ, ಕಡೆಗೆ ಆಸ್ಪತ್ರೆಯ ಮಂಚ, ಎಲ್ಲವೂ ಆ ಆರು ಸಾವಿರಕ್ಕೂ ಮೀರಿದ ಚಿತ್ರಗಳಲ್ಲಿವೆ. ಅವನ ಮಿತ್ರರು ಅವುಗಳನ್ನು ಅದೇ ಕಾಲೇಜಿನಲ್ಲಿ ಪ್ರದರ್ಶನಕ್ಕಿಟ್ಟದ್ದು 2007ರಲ್ಲಿ. ನಮ್ಮ ಜಿಲ್ಲೆ ಜನ್ಮ ತಳೆದ ವರ್ಷವೂ ಅದೇ ಆದುದು ಕೇವಲ ಆಕಸ್ಮಿಕವೆಂದು ವ್ರತಿಯ ಮುಂದೆ ಯಾರಾದರೂ ಅಂದರೆ ಆತನು ಕರುಣೆಯಿಂದ ನಗುತ್ತಾನೆ. ಆದರೆ ಗುರುಶಿಷ್ಯರ ನಡುವೆ ಒಂದು ವ್ಯತ್ಯಾಸವಿದೆ. ಗುರುವು ತೆಗೆಯುತ್ತಿದ್ದುದು ದಿನಕ್ಕೊಂದೇ ಚಿತ್ರ. ಚೆನ್ನಾಗಿ ಬಂದರೂ ಅದೇ, ಕೆಟ್ಟರೂ ಅದೇ. ಶಿಷ್ಯನು, ಮೊಬೈಲಿನಲ್ಲಿ ಫಿಲಮ್ಮಿನ ಖರ್ಚಿಲ್ಲವಾದ ಕಾರಣ, ಒಂದು ಟೀ ಲೋಟಕ್ಕೆ ನಲವತ್ತರಂತೆ ತೆಗೆದು, ರಾತ್ರಿ ಆ ನಲವತ್ತನ್ನೂ ನಮಗೆ ಕಳುಹಿಸಿ, ಯಾವುದು ಉತ್ತಮವೆಂದು ಕೇಳಿ, ನಾವು ಹೇಳಿದುದನ್ನು ಬಿಟ್ಟು ಬೇರೊಂದನ್ನು ಆರಿಸುತ್ತಾನೆ.

ಅವನ ಸಿದ್ಧಾಂತವೆಲ್ಲ ಅಡಗಿರುವುದು 'ಸಹಜ' ಎಂಬ ಒಂದೇ ಶಬ್ದದಲ್ಲಿ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು ಅವರ ಪಾಡಿಗೆ ಅವರಿರುವಂತೆಯೇ ಸೆರೆಹಿಡಿದ ಬಗೆಯನ್ನು ಅವನು ಗಂಟೆಗಟ್ಟಲೆ ವರ್ಣಿಸಬಲ್ಲನು. ವರ್ಣಿಸುತ್ತಿರುವಾಗಲೇ ಎದುರಿಗಿದ್ದವರ ಅಂಗಿಯ ಕಾಲರನ್ನು ಸರಿಪಡಿಸುತ್ತಿರುತ್ತಾನೆ. ಸಹಜತೆಯನ್ನು ಸಿದ್ಧಪಡಿಸಲು ಅವನಿಗೆ ಸಾಮಾನ್ಯವಾಗಿ ಅರ್ಧ ಗಂಟೆ ಬೇಕು. ಈ ಅರ್ಧ ಗಂಟೆಯ ಬೆಲೆಯನ್ನು ಚೆನ್ನಾಗಿ ಬಲ್ಲವರೆಂದರೆ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ನಮ್ಮ ಸ್ನೇಹಿತರು. ಅವರನ್ನು ನಾವೆಲ್ಲ ಭಾಯ್ ಎಂದೇ ಕರೆಯುತ್ತೇವೆ. ಟಿಪ್ಪುವಿನ ಕಾಲದಲ್ಲಿ ಪಾರಸಿ ಕುಶಲಿಗಳಿಂದ ಬಂದಿತೆಂದು ಜನ ಹೇಳುವ, ಬವಾಸ್ ಮಿಯಾನರಂಥವರು ಬೆಳೆಸಿದ ಆ ವಿದ್ಯೆಯ ಮರ್ಮವಿಷ್ಟೇ: ಹಾಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರಬೇಕು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆಯ ಎಲೆಯಿಂದ ಒತ್ತಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಎಲ್ಲವೂ ಚಲನೆಯಲ್ಲಿರುವಾಗಲೇ ಆಗಬೇಕಾದ ಕಾರ್ಯ. ನಮ್ಮ ವ್ರತಿಗೆ ಬೇಕಾದುದೋ ನಿಶ್ಚಲತೆ.

"ಭಾಯ್, ಕೈ ಇಂಗೇ ಇರ್ಲಿ. ಮಿಸುಕಬೇಡಿ."

"ಕೈ ನಿಲ್ಸುದ್ರೆ ಅರಗು ಒಂದೇ ಕಡೆ ಗುಡ್ಡೆ ಆಯ್ತದೆ. ಲೇತು ನಿಲ್ಸುದ್ರೆ ಬಣ್ಣ ಹತ್ತಲ್ಲ. ಯಾವ್ದು ನಿಲ್ಸ್ಲಿ, ನೀವೇ ಹೇಳಿ ಸಾರ್."

"ಎಲ್ಡೂ ಒಸಿ ನಿಧಾನಕ್ಕೆ ನಡೀಲಿ."

ಹೀಗೆ ನಿಧಾನಕ್ಕೆ ನಡೆದ ಒಂದು ಅಪರಾಹ್ನದ ಫಲವಾಗಿ ಒಂದು ಪಕ್ಕದಲ್ಲಿ ಬಸುರಾದ ಬುಗುರಿಯೊಂದು ಹುಟ್ಟಿತು. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದು ಸತ್ಯವಾದರೂ, ಈ ಬುಗುರಿಗೆ ಆ ಮಾನ್ಯತೆ ಅನ್ವಯಿಸಲಾರದೆಂದು ಭಾಯ್ ಅದನ್ನು ವ್ರತಿಗೇ ಕೊಟ್ಟುಬಿಟ್ಟರು. ಅದು ಅವನ ಮೇಜಿನ ಮೇಲಿದೆ. ತಿರುಗಿಸಿದರೆ ಎರಡು ಸುತ್ತು ಸುತ್ತಿ ಗುಮಾಸ್ತರಂತೆ ಪಕ್ಕಕ್ಕೆ ಒರಗುತ್ತದೆ.

ಇಷ್ಟೇ ಆಗಿದ್ದರೆ ಅವನನ್ನು ಉಪದ್ರವಿಯೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆದರೆ ಆ ವ್ರತಕ್ಕೆ ಇನ್ನೊಂದು ವಿಚಿತ್ರ ಮಹಿಮೆಯಿದೆ. ಕಲೆಯಿದ್ದಲ್ಲಿ ಚಿತ್ರ ತೆಗೆಯುವುದು ಲೋಕಕ್ರಮ. ಇವನು ಚಿತ್ರ ತೆಗೆದಲ್ಲಿ, ಬೇರೆ ಗತಿಯಿಲ್ಲದೆ, ಕಲೆ ಹುಟ್ಟುತ್ತದೆ. ಮಾಗಡಿಯ ನಮ್ಮ ಮೇಷ್ಟ್ರ ಸಂಗತಿಯನ್ನೇ ನೋಡಿರಿ. ಒಂದು ಸಂಜೆ ರಂಗನಾಥಸ್ವಾಮಿಯ ದೇವಸ್ಥಾನದ ಜಗಲಿಯ ಮೇಲೆ ಕುಳಿತು, ಪೆನ್ನನ್ನು ಹಲ್ಲಿನಲ್ಲಿ ಕಚ್ಚಿ, ಆಕಾಶವನ್ನು ದಿಟ್ಟಿಸುತ್ತ, ಶಾಲೆಯ ಬಿಸಿಯೂಟದ ಅಕ್ಕಿಯ ಲೆಕ್ಕದಲ್ಲಿ ಮೂರು ಕಿಲೋ ಎಲ್ಲಿ ಹೋಯಿತೆಂದು ಅವರು ಚಿಂತಿಸುತ್ತಿದ್ದರು. ವ್ರತಿಯು ಆ ಭಂಗಿಯನ್ನು ಹಿಡಿದು, 'ಕಾವ್ಯಸಮಾಧಿಯಲ್ಲಿ ಕವಿ' ಎಂದು ಅಡಿಬರಹ ಕೊಟ್ಟು, ರಾತ್ರಿಯೊಳಗಾಗಿ ನಾಲ್ಕು ತಾಲ್ಲೂಕುಗಳಿಗೆ ರವಾನಿಸಿದನು. ಅದುವರೆಗೆ ಒಂದು ಸಾಲನ್ನೂ ಹೊಸೆದವರಲ್ಲದ ಮೇಷ್ಟ್ರಿಗೆ ಮರುವಾರವೇ ಒಂದು ಗೃಹಪ್ರವೇಶಕ್ಕೆ ಪದ್ಯ ಬರೆಯಬೇಕೆಂದು ಕರೆ ಬಂದಿತು. ಅದನ್ನು ಕಳೆಯುವಷ್ಟರಲ್ಲಿ ಒಂದು ನಿವೃತ್ತಿಸಮಾರಂಭ, ಅದರ ಬೆನ್ನಿಗೆ ಎರಡು ನಾಮಕರಣ. ಅಲ್ಲಗಳೆದರೆ ವಿನಯವೆಂದರು, ಸುಮ್ಮನಿದ್ದರೆ ಬಿಗುಮಾನವೆಂದರು. ಕೊನೆಗೆ ಬರೆಯುವುದೇ ಸುಲಭವಾಗಿ ತೋರಿತು. ಈಗ ಅವರ ಚುಟುಕಗಳಲ್ಲಿ ಕೆಲವು ನಿಜವಾಗಿಯೂ ಚೆನ್ನಾಗಿವೆ. ಇದನ್ನು ಅವರ ಮುಂದೆ ಹೇಳಿದರೆ ಎಲ್ಲವನ್ನೂ ಓದಿಯಾರೆಂಬ ಭಯದಿಂದ ನಾನು ಹೇಳಿಲ್ಲ.

ಕನಕಪುರದ ಚಿತ್ರಗಾರನದು ಬೇರೆ ಕಥೆ. ಅಂಗಡಿಯ ಬೋರ್ಡು, ಲಾರಿಯ ಹಿಂಬದಿಯ ಹುಲಿ, ಚುನಾವಣೆಯ ಗೋಡೆಬರಹ, ಇವುಗಳಿಂದ ಬದುಕಿದ್ದವನು ಫ್ಲೆಕ್ಸ್ ಬಂದ ಮೇಲೆ ಬ್ರಷ್ಷುಗಳನ್ನು ಅಟ್ಟಕ್ಕೆ ಹಾಕಿ ಸಿಮೆಂಟಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ವ್ರತಿಯು ಅವನನ್ನು ಬ್ರಷ್ಷಿನೊಡನೆಯೇ ತೆಗೆಯಬೇಕೆಂದು ಹಟ ಹಿಡಿದನು. ಬ್ರಷ್ಷು ಕೈಗೆ ಬಂದ ಮೇಲೆ ಬಣ್ಣ ಬೇಕಾಯಿತು, ಬಣ್ಣ ಕಲಸಿದ ಮೇಲೆ ಗೋಡೆ. ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಮೂಡಿತು. ಮರುತಿಂಗಳು ವ್ರತಿಯು ಪುನಃ ಬಂದಾಗ ಬೇರೆ ಗೋಡೆ ಸಿಕ್ಕದೆ ಸಂಗಮದ ಮೇಲೆಯೇ ಮೇಕೆದಾಟು ಬಂದಿತು. ಅದರ ಮೇಲೆ ಕಬ್ಬಾಳಮ್ಮನ ಬೆಟ್ಟ. ಗೋಡೆಯೊಡೆಯನು ಮೊದಮೊದಲು ಕೂಗಾಡಿದನು. ಈಗ, ಮುಂದಿನ ಬಾರಿ ತಿರುಪತಿಯನ್ನು ಬರೆಸಬೇಕೆಂದು ತಾನೇ ಸುಣ್ಣ ಬಳಿದು ಕಾದಿದ್ದಾನೆ.

ಇಂಥ ಚಿತ್ರಗಳು ಎಷ್ಟು ಸಹಜವೆಂದು ನಾನೊಮ್ಮೆ ಕೆಣಕಿದೆನು. ನಾವಾಗ ರಾಮದೇವರಬೆಟ್ಟದ ಮೆಟ್ಟಿಲ ಮೇಲಿದ್ದೆವು. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ಸ್ಥಳವದು. ಆದರೆ 'ಅಲುಗಬೇಡ' ಎಂಬ ಆಜ್ಞೆಯನ್ನು ಪಾಲಿಸುವ ಅಭ್ಯಾಸ ಆ ಪಕ್ಷಿಗಳಿಗಿಲ್ಲದುದರಿಂದ, ಅಂದಿನ ಚಿತ್ರದಲ್ಲಿ ಬಂದುದು ಮುಂದೆ ಹತ್ತುತ್ತಿದ್ದ ಮೇಷ್ಟ್ರ ಬೆನ್ನು ಮಾತ್ರ. ಕೆಳಗೆ, 1975ರಲ್ಲಿ ತೆರೆಕಂಡ 'ಶೋಲೆ'ಯ ನೆನಪಿಗಾಗಿ ಬಂದ ಪ್ರವಾಸಿಗಳು ಸೊಂಟದ ಬೆಲ್ಟು ಬಿಚ್ಚಿ ಬಂಡೆಯ ಮೇಲೆ ಎಳೆಯುತ್ತ ಗಬ್ಬರ್‌ಸಿಂಗರಾಗುತ್ತಿದ್ದರು. ಒಬ್ಬ ಗಬ್ಬರನು ಮಾತ್ರ ಒಂದು ಕೈಯಲ್ಲಿ ಪ್ಯಾಂಟನ್ನು ಹಿಡಿದುಕೊಂಡೇ ಅಟ್ಟಹಾಸ ಮಾಡಬೇಕಾಗಿತ್ತು. ವ್ರತಿಯು ಅವರತ್ತ ತಿರಸ್ಕಾರದಿಂದ ನೋಡಿ, ನನ್ನ ಕಡೆ ತಿರುಗಿ, ತನ್ನ ಜೀವನದ ಅತ್ಯಂತ ದೀರ್ಘವಾದ ವಾದವನ್ನು ಮಂಡಿಸಿದನು. ಡೇವಿಡ್ ಲೀನ್ ಎಂಬ ಇಂಗ್ಲಿಷ್ ನಿರ್ದೇಶಕನು 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಮರಬಾರ್ ಗುಹೆಗಳನ್ನು ಹುಡುಕಿ, ಬಿಹಾರದಲ್ಲಿರುವ ಮೂಲದ ಗುಹೆಗಳು ಕಣ್ಣಿಗೆ ಹಿಡಿಸದೆ, ಈ ಬೆಟ್ಟಕ್ಕೂ ಮಾಗಡಿಯ ಸಾವನದುರ್ಗಕ್ಕೂ ಬಂದು, ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿಕೊಂಡನು. "ಇಲ್ದೇ ಇರೋ ಗವೀನೇ ಕೊರೆಸವ್ನೆ ಆ ಪುಣ್ಯಾತ್ಮ, ಲೋಕವೆಲ್ಲ ಕೈ ಮುಗೀತು. ನಾನು ಇರೋ ಮೇಷ್ಟ್ರನ್ನ ಒಸಿ ಎಡಕ್ಕೆ ಸರಿಸುದ್ರೆ ಸುಳ್ಳಾಯ್ತದಾ?" ಇದಕ್ಕೆ ಉತ್ತರವಿರಬಹುದು, ಆ ಬಿಸಿಲಿನಲ್ಲಿ ನನಗೆ ಹೊಳೆಯಲಿಲ್ಲ.

ಅವನ ಧರ್ಮಪತ್ನಿ ಈ ವ್ರತದಿಂದ ಮುಕ್ತಳು. ಮೊದಲ ವಾರವೇ, ಒಗ್ಗರಣೆ ಸೀಯುತ್ತಿರುವಾಗ ಸೌಟನ್ನು ಎತ್ತಿ ಹಿಡಿಯೆಂದವನಿಗೆ ಆಕೆ ಅದನ್ನು ಎತ್ತಿಯೇ ತೋರಿಸಿದಳಂತೆ.

ಮಿತ್ರರಲ್ಲಿ ವ್ರತಕ್ಕೆ ಮನಸಾರೆ ಒಲಿದವನು ಒಬ್ಬನೇ. ರಾಮನಗರದಲ್ಲಿ ರೇಷ್ಮೆನೂಲು ಬಿಚ್ಚುವ ಕಸುಬಿನವನು. ಗೂಡಿನ ಮಾರುಕಟ್ಟೆಯ ಹರಾಜು ಮೊಬೈಲಿಗೆ ಬಂದ ಮೇಲೆ, ಒಂದು ಬೆಳಗ್ಗೆ, ವ್ರತಿಯ ಮೊಬೈಲಿನಲ್ಲಿ ಚಾರ್ಜು ಮುಗಿದುದರಿಂದ ತನ್ನದನ್ನೇ ಅವನ ಕೈಗಿತ್ತು, ಗೂಡುಗಳನ್ನು ಬೊಗಸೆಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನಿಂತನು. ಆ ಹೊತ್ತಿಗೆ, ಅವನು ಕಣ್ಣಿಟ್ಟಿದ್ದ ಗೂಡು ಇನ್ನೊಬ್ಬನ ಪಾಲಾಯಿತು. ಬೇರೆಯವನಾಗಿದ್ದರೆ ಸ್ನೇಹ ಅಂದಿಗೇ ಮುರಿಯುತ್ತಿತ್ತು. ಇವನು, "ಫೋಟೋ ಎಂಗ್ ಬಂತಣ್ಣ?" ಎಂದನು.

ಈ ಉದಾರಿಯೇ ಕಳೆದ ಬೇಸಗೆಯಲ್ಲಿ ಪಕ್ಕದ ಹಳ್ಳಿಯ ಹಬ್ಬದಲ್ಲಿ 'ಕುರುಕ್ಷೇತ್ರ'ದ ದುರ್ಯೋಧನನಾದನು. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗೆ ಸಂಭಾವನೆಯಿಲ್ಲ. ಪಾತ್ರದ ಘನತೆಗೆ ತಕ್ಕಂತೆ ಅವನೇ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರ ಬೆಲೆ ಹೆಚ್ಚು. ದ್ವಾರಪಾಲಕನಾಗುವುದು ಬಡವರಿಗೂ ಸಾಧ್ಯ. ಸೀನರಿ, ಡ್ರೆಸ್ಸು ಬಾಡಿಗೆಗೆ ಬಂದಿದ್ದುವು; ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಕಲಿಸಿ ಗಂಟಲು ಕೆಡಿಸಿಕೊಂಡಿದ್ದರು. ವ್ರತಿಯು ಮಧ್ಯಾಹ್ನವೇ ಬಂದು ಕುಳಿತನು. ಆದರೆ ಅಂದಿನ ಚಿತ್ರ ಊರುಭಂಗದ್ದೇ ಆಗಬೇಕೆಂದು ಅವನ ಆಸೆ; ಊರುಭಂಗವೋ ಬೆಳಗಿನ ಜಾವಕ್ಕೆ; ವ್ರತದ ದಿನವೋ ರಾತ್ರಿ ಹನ್ನೆರಡಕ್ಕೆ ಮುಗಿಯುವಂಥದು. ಹನ್ನೊಂದೂ ಮುಕ್ಕಾಲಿಗೆ ಅವನು ಹಾರ್ಮೋನಿಯಂ ಬಳಿಗೆ ಹೋಗಿ, ದುರ್ಯೋಧನನನ್ನು ಒಸಿ ಮುಂಚಿತವಾಗಿ ಬೀಳಿಸಲಾದೀತೇ ಎಂದು ಕಿವಿಯಲ್ಲಿ ಕೇಳಿದನು.

"ಇನ್ನೂ ಸಂಧಾನಾನೇ ಆಗಿಲ್ಲ ಕಣಯ್ಯ! ಈಗ್ಲೇ ಅವನ್ನ ಕೊಂದ್ರೆ, ಬೆಳಗಾನ ಯಾರ ಮೇಲಯ್ಯ ಯುದ್ಧ ಮಾಡ್ಸ್ಲಿ?" ಎಂದು ಮೇಷ್ಟ್ರು ಶ್ರುತಿ ಬಿಡದೆಯೇ ಗದರಿದರು.

ದುರ್ಯೋಧನನು ಮಾತ್ರ ಒಪ್ಪಿದನು. ಬಣ್ಣದ ಮನೆಯ ಹಿಂದೆ ಟೀ ಕುಡಿಯುತ್ತಿದ್ದ ಭೀಮನನ್ನು ಲೋಟದ ಸಮೇತ ಎಳೆತಂದು, ಕುಂಕುಮವನ್ನು ನೀರಿನಲ್ಲಿ ಕಲಸಿ ತೊಡೆಗೆ ಬಳಿದು, ಕೌರವೇಶ್ವರನು ಹುಲ್ಲಿನ ಮೆದೆಗೆ ಒರಗಿ ಪ್ರಾಣ ಬಿಡುತ್ತಿದ್ದಂತೆಯೇ ಸಭಾಪ್ರವೇಶದ ಗಂಟೆ ಬಾರಿಸಿತು. ಒರೆಸಿಕೊಳ್ಳಲು ಸಮಯವೆಲ್ಲಿ? ಹಾಗೆಯೇ ಓಡಿಹೋಗಿ ಸಿಂಹಾಸನವನ್ನೇರಿದನು. ಸಂಧಾನಕ್ಕೆಂದು ಬಂದ ಕೃಷ್ಣನು ಆ ತೊಡೆಯನ್ನು ಕಂಡು, ಪದ್ಯವನ್ನು ಮರೆತು, "ಎಲೈ ಸುಯೋಧನಾ, ಯುದ್ಧವೇ ಇನ್ನೂ ನಿಶ್ಚಯವಾಗಿಲ್ಲ, ಇದೇನು ರಕ್ತ?" ಎಂದನು. ದುರ್ಯೋಧನನು ಮೀಸೆಯ ಮೇಲೆ ಕೈಯಿಟ್ಟು, ಗಂಭೀರಧ್ವನಿಯಿಂದ, "ಎಲೈ ಯಾದವಾ, ಇದು ನಾಳೆ ಬೆಳಗಿನ ರಕ್ತ! ಫೋಟೋದವನಿಗೆ ಹೊತ್ತಿಲ್ಲವೆಂದು ಮುಂಗಡ ಕೊಟ್ಟಿರುವೆನು!" ಎಂದು ಗರ್ಜಿಸಿದನು.

ಜನ "ಒನ್ಸ್ ಮೋರ್!" ಎಂದು ಎದ್ದು ನಿಂತರು. ಆ ಗದ್ದಲದ ನಡುವೆ ವ್ರತಿಯು ರಂಗವನ್ನೇ ಹತ್ತಿ, ಶ್ರೀಕೃಷ್ಣಪರಮಾತ್ಮನ ಭುಜ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, "ಈಗ ಇನ್ನೊಂದ್ ಸತಿ ಅನ್ನಣ್ಣ" ಎಂದನು, ಅವರು ಅಂದರು. ಅಷ್ಟರಲ್ಲಿ ಹನ್ನೆರಡು ಹೊಡೆದಿದ್ದುದರಿಂದ ಶಾಸ್ತ್ರೋಕ್ತವಾಗಿ ಅದು ಮರುದಿನದ ಚಿತ್ರವೇ ಆಯಿತು. ಆ ಸುದ್ದಿಯನ್ನು ಮಾಗಡಿಯ ಮೇಷ್ಟ್ರು ಆ ಸರಿರಾತ್ರಿಯಲ್ಲಿಯೇ ಚನ್ನಪಟ್ಟಣಕ್ಕೆ ಫೋನು ಮಾಡಿ ತಿಳಿಸಲು, ಭಾಯ್ ನಿದ್ದೆಗಣ್ಣಿನಲ್ಲಿಯೇ ದೇವರನ್ನು ಸ್ಮರಿಸಿ, ಬಹುದಿನಗಳಿಂದ ಬಾಕಿಯಿದ್ದ ಬುಗುರಿಗಳ ದೊಡ್ಡ ಆರ್ಡರನ್ನು ಬೆಳಗಾಗುತ್ತಲೇ ಲೇತಿಗೇರಿಸಿದರು.