ಹುಡುಗರು ಎಲ್ಲಿ ಹೋದ್ರು?

ಬೆಂಗೇರಿಯ ವೃತ್ತಿ ಕಾಲೇಜೊಂದರಲ್ಲಿ ತುರ್ತು ಸಭೆ. ಹುಡುಗರು ಅರ್ಧಕ್ಕೇ ಬಿಟ್ಟು ಓಡುತ್ತಿದ್ದಾರೆ.

"ಬಯೋಮೆಟ್ರಿಕ್ ಹಚ್ಚೋಣ್ರಿ," ಎಂದರು ಪ್ರಾಂಶುಪಾಲರು.

"ಹೋದ ವರ್ಷಾನ ಹಚ್ಚೇವ್ರಿ. ಹೆಬ್ಬೆಟ್ಟು ಒತ್ತಿ ಸೀದಾ ಗ್ಯಾರೇಜಿಗೆ ಹೋಗ್ತಾರ. ಅಲ್ಲಿ ಎಂಜಿನ್ ಐತಿ, ನಮ್ಮಲ್ಲಿ ಎಂಜಿನ್ ಚಿತ್ರ ಐತಿ."

ಅದೂ ಅಂಬಾಸಿಡರ್ ಕಾರಿನ ಚಿತ್ರ. ಆ ಕಾರಿನ ಉತ್ಪಾದನೆ ನಿಂತದ್ದು 2014ರಲ್ಲಿ!

ಚಹಾ ತಂದ ಜವಾನ ಬಾಯಿ ಹಾಕಿದ: "ಇಲ್ಲೇ ಖಾದಿ ಸಂಘದಾಗ ಒಂದು ಧ್ವಜಾನ 18 ಸಲ ತಪಾಸಣೆ ಮಾಡ್ತಾರಂತ್ರಿ. ನಾವು ಹುಡುಗರನ್ನ ಎಷ್ಟು ಸಲ ನೋಡ್ತೀವ್ರಿ?"

1957ರಲ್ಲಿ ಹುಟ್ಟಿದ ಆ ಸಂಘ ಬಿಐಎಸ್ ಮಾನ್ಯತೆಯಲ್ಲಿ ರಾಷ್ಟ್ರಧ್ವಜ ಹೊಲಿಯುತ್ತದೆ. ಅಳತೆ, ಬಣ್ಣ, ನೂಲು ಯಾವುದರಲ್ಲೂ ರಿಯಾಯಿತಿಯಿಲ್ಲ.

"ಎರಡು ಸಲ," ಎಂದ ಲೆಕ್ಕಿಗ. "ಫೀ ಕಂತು ಎರಡೇ ಅಲ್ರಿ!"

ಠರಾವು ಪಾಸಾಯಿತು: ಗೇಟಿಗೆ ಇನ್ನೊಂದು ಬೀಗ.